ಬೀಗ ಹಾಕಿಟ್ಟ ಫ್ಲ್ಯಾಟಿಗೆ ಮೇಸ್ತ್ರಿ ಬೇಕಾ, ಡಿಸೈನರ್ ಬೇಕಾ? ಕೋಟದ ಕಡೆಯ ಒಂದು ರಿಪೇರಿ ತಂಡದ ಬಗ್ಗೆ

ಈ ತಂಡಕ್ಕೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಯಾಕೆ ಹೋಯ್ತು ಅಂತ ಮುಂದೆ ಬರೆಯುತ್ತೇನೆ. ಮೇಸ್ತ್ರಿಯ ಹೆಸರು, ಫೋನ್ ನಂಬರ್ ಮಾತ್ರ ಕೇಳಬೇಡಿ. "ಹಾಕ್ಬೇಡಿ ಅಕ್ಕಾ, ಫೋನ್ ಜಾಸ್ತಿ ಆರೆ ಕೆಲ್ಸ ಹಾಳ್" ಅಂತ ಅವರೇ ಖಡಾಖಂಡಿತವಾಗಿ ಹೇಳಿದ್ದಾರೆ. ಹಾಗಾದರೆ ಈ ರಿವ್ಯೂ ಯಾಕೆ ಅಂತೀರಾ? ನಿಮ್ಮೂರಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಗುರುತಿಸೋಕೆ ಇದು ಸಹಾಯ ಆದೀತು.

ಫ್ಲ್ಯಾಟ್ ಇರುವುದು ಉಡುಪಿ ಜಿಲ್ಲೆಯಲ್ಲಿ, ಕೋಟ, ಸಾಲಿಗ್ರಾಮದ ಕಡೆ. ಹೈವೇ ಬಿಟ್ಟು ಸ್ವಲ್ಪ ಒಳಗೆ ಹೋಗಬೇಕು, ಮೂರು ಕಡೆ ಗದ್ದೆ, ಒಂದು ಕಡೆ ತೆಂಗಿನ ತೋಟ. ಗದ್ದೆ ನಡುವೆ ಅಪಾರ್ಟ್‌ಮೆಂಟ್ ಯಾಕಪ್ಪಾ ಅಂತ ಘಟ್ಟದ ಮೇಲಿನವರು ಕೇಳುತ್ತಾರೆ. ಕರಾವಳಿಯಲ್ಲಿ ಇದು ಮಾಮೂಲು. ಮುಂಬೈಯಲ್ಲಿ ಹೋಟೆಲ್ ನಡೆಸುವವರು, ದುಬೈ ಮಸ್ಕತ್ ಸೇರಿದವರು, ಮೂಲ ಮನೆ ಪಾಲಾದ ಮೇಲೆ ಊರಲ್ಲಿ ಕಾಲೂರಲು ಒಂದು ಜಾಗ ಇರಲಿ ಅಂತ ತೆಗೆದಿಡುತ್ತಾರೆ. ನಾಗರಪಂಚಮಿಗೆ, ಜಾತ್ರೆಗೆ, ಮದುವೆಗೆ ಬಂದಾಗ ನಾಲ್ಕು ದಿನ ಉಳಿಯುತ್ತಾರೆ. ಉಳಿದ ದಿನ ಬೀಗ. ನಮ್ಮದು ಮಾವನ ಫ್ಲ್ಯಾಟ್, ಮೇಲಿನ ಮಹಡಿ. ಕೊರೋನಾ ಶುರುವಾದ ಮೇಲೆ ಯಾರೂ ಬಾಗಿಲು ತೆಗೆದಿರಲಿಲ್ಲ.

ಹಾಲ್‌ನ ಪಡುವಣ ಗೋಡೆ ಕೆಳಗಿಂದ ಮೇಲಿನವರೆಗೆ ಕಪ್ಪು ಬೂಷ್ಟು. ಅಡುಗೆಮನೆಯ ಕಪಾಟುಗಳು ಪಾರ್ಟಿಕಲ್ ಬೋರ್ಡಿನವು, ನೀರು ಕುಡಿದು ಉಬ್ಬಿ ಬಾಗಿಲು ಹಾಕಲು ಬರುತ್ತಿರಲಿಲ್ಲ. ಬಾಗಿಲ ಚೌಕಟ್ಟಿನ ಉದ್ದಕ್ಕೂ ಗೆದ್ದಲಿನ ಮಣ್ಣಿನ ದಾರಿ. ಬಾತ್‌ರೂಮಿನ ಸೀಲಿಂಗಿನಿಂದ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಹೊರಗೆ ಕಾಣುತ್ತಿತ್ತು. ಇದೊಂದೇ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು, ಉಳಿದದ್ದೆಲ್ಲ ಬರೀ ಗಲೀಜು.

ಮೊದಲು ಬೆಂಗಳೂರಿನ ಒಂದು ಇಂಟೀರಿಯರ್ ಕಂಪನಿಯಿಂದ ಕೊಟೇಷನ್ ತರಿಸಿದ್ದೆವು. ಹೆಸರು ಬೇಡ ಬಿಡಿ. ಚಿತ್ರಗಳು ಬಹಳ ಚೆನ್ನಾಗಿದ್ದವು. ಫಾಲ್ಸ್ ಸೀಲಿಂಗು, ಅದರ ಅಂಚಿಗೆ ಲೈಟು, ಟಿವಿ ಹಿಂದೆ ಪ್ಯಾನೆಲ್ಲು. ಪುಟಗಟ್ಟಲೆ ಪಟ್ಟಿ, ಆದರೆ ನೀರು ಎಲ್ಲಿಂದ ಬರುತ್ತಿದೆ ಅನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ. ಗೋಡೆ ಒದ್ದೆ ಇದೆಯಲ್ಲ ಅಂದರೆ "ಪ್ಯಾನೆಲ್ ಹಾಕಿ ಮುಚ್ಚಿಬಿಡೋಣ ಮೇಡಂ" ಅಂದರು. ಅಲ್ಲಿಗೆ ಆ ಮಾತು ಮುಗೀತು. ಜಿಪ್ಸಮ್ ಸೀಲಿಂಗ್ ನೀರು ಹೀರುತ್ತದೆ, ಪ್ಯಾನೆಲ್ ಹಿಂದೆ ಗಾಳಿ ಆಡುವುದಿಲ್ಲ. ವರ್ಷದಲ್ಲಿ ಹೆಚ್ಚಿನ ದಿನ ಬೀಗ ಬೀಳುವ ಮನೆಯಲ್ಲಿ, ಅದೂ ಕರಾವಳಿಯ ಮಳೆಗೆ, ಇದು ಬೂಷ್ಟಿಗೆ ನಾವೇ ಕಟ್ಟಿಕೊಟ್ಟ ಮನೆ ಆಗುತ್ತಿತ್ತು.

ಮೇಸ್ತ್ರಿಯನ್ನು ಹೇಳಿಕೊಟ್ಟವರು ಕೆಳಗಿನ ಮಹಡಿಯ ಒಬ್ಬ ನಿವೃತ್ತ ಟೀಚರಮ್ಮ. ಬಂದವರ ಕೈಯಲ್ಲಿ ಟೇಪೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ. ಒಂದು ಸಣ್ಣ ಸುತ್ತಿಗೆ, ಒಂದು ಚಾಕ್‌ಪೀಸು, ಅಷ್ಟೇ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಒಂದೊಂದು ಗೇಣಿಗೆ ತಟ್ಟುತ್ತಾ ಹೋದರು. ಸಾರಣೆ ಗೋಡೆಗೆ ಗಟ್ಟಿ ಕಚ್ಚಿಕೊಂಡಿದ್ದರೆ ಒಂದು ಸದ್ದು, ಒಳಗೆ ಬಿಟ್ಟುಕೊಂಡಿದ್ದರೆ ಪೊಳ್ಳು ಸದ್ದು. ಪೊಳ್ಳು ಕೇಳಿದಲ್ಲೆಲ್ಲ ಚಾಕಿನಲ್ಲಿ ಗೆರೆ ಹಾಕಿದರು. ಮುಗಿಯುವಾಗ ಪಡುವಣ ಗೋಡೆಯಲ್ಲಿ ಒಂದು ದೊಡ್ಡ ನಕ್ಷೆ ಮೂಡಿತ್ತು. ನಾವು ಕಪ್ಪಾದ ಜಾಗವೆಲ್ಲ ಹಾಳು ಅಂದುಕೊಂಡಿದ್ದರೆ, ಪೊಳ್ಳು ಇದ್ದದ್ದು ಅದಕ್ಕಿಂತ ಬಹಳ ಕಡಿಮೆ ಜಾಗದಲ್ಲಿ, ಹೆಚ್ಚಿನದೆಲ್ಲ ಕಿಟಕಿಗಳ ಕೆಳಗೆ. ಇಡೀ ಗೋಡೆ ಕೆತ್ತುವ ಖರ್ಚು ಅಲ್ಲೇ ಉಳಿಯಿತು.

ಆಮೇಲೆ ಮಾಡಿದ್ದು ನನಗೆ ಇನ್ನೂ ಇಷ್ಟ ಆಯ್ತು. ಒಂದು ಅಡಿ ಅಗಲದ ಪ್ಲಾಸ್ಟಿಕ್ ತುಂಡುಗಳನ್ನು ಬೂಷ್ಟು ಹಿಡಿದ ಗೋಡೆಗಳ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಹೋದರು. ಮರುದಿನ ಬಂದು ನೋಡಿದರು. ಹನಿ ಪ್ಲಾಸ್ಟಿಕ್ಕಿನ ಹಿಂಬದಿ, ಅಂದರೆ ಗೋಡೆ ಕಡೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಅಂತ. ಮುಂಬದಿಯಲ್ಲಿ ಇದ್ದರೆ ಕೋಣೆಯ ಗಾಳಿಯ ತೇವ ಅಂತ. ನಮ್ಮಲ್ಲಿ ಹಾಲ್‌ನಲ್ಲಿ ಹಿಂಬದಿ ಹನಿ, ಬೆಡ್‌ರೂಮಿನಲ್ಲಿ ಮುಂಬದಿ. ಎರಡೂ ಕಡೆ ಬೂಷ್ಟು ಒಂದೇ ಬಣ್ಣದ್ದು, ಕಾಯಿಲೆ ಬೇರೆ ಬೇರೆ. ಬೆಡ್‌ರೂಮಿನ ಆ ಗೋಡೆಗೆ ಬೇಕಿದ್ದದ್ದು ಬರೀ ಗಾಳಿ. ಟೇಪಿನ ಖರ್ಚು ಐವತ್ತು ರೂಪಾಯಿ ಇರಬಹುದು, ಯಾರು ಬೇಕಾದರೂ ಮಾಡಿ ನೋಡಬಹುದು.

ಇದೆಲ್ಲ ಮೇ ತಿಂಗಳ ಮಾತು. ಸರಿ, ಕೆಲಸ ಯಾವಾಗ ಶುರು ಅಂದೆ. "ಮಳಿ ಬರ್ಲಿ ಅಕ್ಕಾ, ಕಾಂಬ" ಅಂದರು. ಮಳೆಗೆ ಮುಂಚೆ ಮುಗಿಸುತ್ತೇನೆ ಅಂತ ಮಾತು ಕೊಡುವವರೇ ಎಲ್ಲರೂ, ಈ ಮನುಷ್ಯ ಮಳೆ ಬಂದ ಮೇಲೆ ನೋಡೋಣ ಅಂತಾನಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಸಿಟ್ಟು. ಜೂನಿನಲ್ಲಿ ಒಳ್ಳೆ ಮಳೆ ಹಿಡಿದ ದಿನ ಕೊಡೆ ಹಿಡಿದುಕೊಂಡು ಟೆರೇಸ್ ಹತ್ತಿ, ಆಮೇಲೆ ಗದ್ದೆ ಬದುವಿನಲ್ಲಿ ನಿಂತು ಕಟ್ಟಡದ ಪಡುವಣ ಮೈಯನ್ನೇ ನೋಡುತ್ತಾ ಇದ್ದರಂತೆ. ಟೀಚರಮ್ಮ ಹೇಳಿದ್ದು. ಹಾಲ್ ಗೋಡೆಯ ಒದ್ದೆಗೆ ಟೆರೇಸ್ ಕಾರಣವೇ ಅಲ್ಲ ಅಂತ ಆಗ ಗೊತ್ತಾಯ್ತು. ಕಿಟಕಿಗಳ ಹೊರಗಿನ ದಂಡೆ ಹೊರಗೆ ವಾಲುವ ಬದಲು ಒಳಗೆ ವಾಲಿತ್ತು. ದಂಡೆಯ ಅಡಿಯಲ್ಲಿ ನೀರು ಕಡಿದು ಬೀಳಿಸುವ ಗೀರೇ ಇರಲಿಲ್ಲ. ನೈಋತ್ಯದ ಗಾಳಿಗೆ ಮಳೆ ಅಡ್ಡಲಾಗಿ ಬಡಿಯುತ್ತದೆ, ಕಿಟಕಿ ಕೆಳಗೆ ನೀರು ಸೀದಾ ಒಳಗೆ. ಜೊತೆಗೆ ಮಳೆನೀರಿನ ಪೈಪಿನ ಒಂದು ಜಾಯಿಂಟ್ ಬಿಟ್ಟುಕೊಂಡಿತ್ತು. ಮೇ ತಿಂಗಳಲ್ಲೇ ಕೆಲಸ ಶುರು ಮಾಡಿದ್ದರೆ ಟೆರೇಸಿಗೆ ದುಡ್ಡು ಸುರಿದು ಈ ಗೋಡೆ ಮತ್ತೆ ಕಪ್ಪಾಗುತ್ತಿತ್ತು.

ಹಾಗಂತ ಟೆರೇಸ್ ಸರಿ ಇತ್ತು ಅಂತಲ್ಲ. ಬೆಡ್‌ರೂಮಿನ ಬೇರೆ ಒಂದು ಮೂಲೆಗೆ ಅಲ್ಲಿಂದ ನೀರು ಬರುತ್ತಿತ್ತು. ಇಲ್ಲಿ ಮೇಸ್ತ್ರಿ ಒಂದು ಒಳ್ಳೆ ಮಾತು ಹೇಳಿದರು, ಟೆರೇಸ್ ನಿಮ್ಮೊಬ್ಬರದಲ್ಲ, ಅಸೋಸಿಯೇಷನ್ನಿನ ಪತ್ರ ಇಲ್ಲದೆ ನಾನು ಕೈ ಹಾಕುವುದಿಲ್ಲ ಅಂತ. ಮೇಲಿನ ಮಹಡಿಯವರೇ ಟೆರೇಸ್ ಖರ್ಚು ಹೊರಬೇಕು ಅಂತ ತುಂಬ ಜನ ತಿಳಿದಿದ್ದಾರೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಡಿ ಡಿಕ್ಲರೇಷನ್ (ಕಟ್ಟಡವನ್ನು ಆ ಕಾಯಿದೆಗೆ ಒಳಪಡಿಸುವ ನೋಂದಾಯಿತ ಪತ್ರ) ಆಗಿರುವ ಕಟ್ಟಡದಲ್ಲಿ, ಆ ಡಿಕ್ಲರೇಷನ್ನಿನಲ್ಲೇ ಬೇರೆ ಬರೆದಿಲ್ಲದಿದ್ದರೆ, ಚಾವಣಿ ಎಲ್ಲರಿಗೂ ಸೇರಿದ್ದು, ಖರ್ಚೂ ಎಲ್ಲರದು. ನೆಲಮಹಡಿಯವರೊಬ್ಬರು "ನಮ್ಗೆಂತ ಸಂಬಂಧ ಮಾರಾಯ್ರೆ" ಅಂತ ಎದ್ದು ನಿಂತರು. ಕಾಗದ ತೆಗೆದು ಓದಿದ ಮೇಲೆ ಸುಮ್ಮನಾದರು. ಕೊನೆಗೆ ಈ ಕಡೆ ಎಲ್ಲರೂ ಮಾಡುವ ಹಾಗೆ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸಿದರು. ನೋಡೋಕೆ ಚಂದ ಇಲ್ಲ. ಆದರೆ ಬಿಸಿಲೂ ಇಳಿಯಿತು, ಬಟ್ಟೆ ಒಣಗಿಸೋಕೂ ಜಾಗ ಆಯ್ತು. ರಾಸಾಯನಿಕ ಬಳಿದು ಗ್ಯಾರಂಟಿ ಕಾರ್ಡ್ ಇಟ್ಟುಕೊಳ್ಳುವುದಕ್ಕಿಂತ ಇದು ವಾಸಿ ಅನ್ನುವುದು ನನ್ನ ಅಭಿಪ್ರಾಯ.

ತುಕ್ಕು ಹಿಡಿದ ಕಂಬಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸಾಮಾನ್ಯವಾಗಿ ಎಲ್ಲರೂ ಕೈಕೊಡುವುದು ಇಲ್ಲೇ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಒಳಗಿಂದಲೇ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಎರಡು ಮಳೆಗಾಲದಲ್ಲಿ ಮತ್ತೆ ಉದುರುತ್ತದೆ. ಸಮುದ್ರದ ಗಾಳಿಗೆ ಒಡ್ಡಿಕೊಂಡ ಕಡೆ ಕಂಬಿಯ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ನಮ್ಮ ಸೀಲಿಂಗಿನಲ್ಲಿ ಒಂದು ಬೆರಳು ದಪ್ಪವೂ ಇರಲಿಲ್ಲ. ಇವರು ಸಡಿಲ ಇದ್ದದ್ದನ್ನೆಲ್ಲ ಕೆತ್ತಿ, ಕಂಬಿಯ ಹಿಂಭಾಗವೂ ಕಾಣುವವರೆಗೆ ಬಿಡಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಆಮೇಲೆ ಪಾಲಿಮರ್ ಬೆರೆಸಿದ ಗಾರೆಯನ್ನು ಪದರ ಪದರವಾಗಿ ಕಟ್ಟಿದರು. ಪಕ್ಕದ ತೊಲೆಯಲ್ಲೂ ಒಂದು ಬಿರುಕು ಕಂಡಾಗ "ಇದು ನನ್ನ ಕೆಲ್ಸ ಅಲ್ಲ, ಇಂಜಿನಿಯರ್ ಕರೀರಿ" ಅಂದರು. ಇಂಜಿನಿಯರ್ ಬಂದು ನೋಡಿ, ಮೇಲುಮೇಲಿನದ್ದು, ಪರವಾಗಿಲ್ಲ ಅಂದ ಮೇಲೆಯೇ ಮುಂದುವರಿಸಿದ್ದು. ನನ್ನ ಕೆಲಸ ಅಲ್ಲ ಅನ್ನುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ.

ಬಾತ್‌ರೂಮು ಪೂರ್ತಿ ಒಡೆದು ಮಾಡಿದ್ದು. ಟೈಲ್ಸ್ ಹಾಕುವ ಮುಂಚೆ ಹೊರಹೋಗುವ ಪೈಪಿನ ಬಾಯಿ ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ, ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ ಎರಡು ದಿನ ಬಿಟ್ಟರು. ಕೆಳಗಿನ ಮನೆಯ ಸೀಲಿಂಗನ್ನು ಹೋಗಿ ಮುಟ್ಟಿ ನೋಡಿ ಬಂದರು. ಇದಕ್ಕೆ ಎರಡು ದಿನ ಯಾಕೆ ಅಂತ ಆತುರ ಮಾಡುವವರ ಕೈಗೆ ಬಾತ್‌ರೂಮ್ ಕೊಡಬೇಡಿ.

ಕರೆಂಟಿನ ಕೆಲಸ ಚೆನ್ನಾಗಿತ್ತು, ಹೇಳುವಂಥದ್ದು ಜಾಸ್ತಿ ಇಲ್ಲ. ಹಳೆ ವೈರ್ ಎಲ್ಲ ಎಳೆದು ಹಾಕಿ ಹೊಸದು ಹಾಕಿದರು, ಅರ್ಥಿಂಗ್ ಸರಿ ಮಾಡಿದರು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು) ಕೂರಿಸಿದರು. ಒದ್ದೆ ಗೋಡೆಯ ಮನೆಗೆ ಅದು ಇಲ್ಲದೆ ಆಗುವುದಿಲ್ಲ.

ಬಡಗಿ ಈ ತಂಡದ ಆಸ್ತಿ. ಪ್ಲೈವುಡ್ ಬಗ್ಗೆ ಅಂಗಡಿಯವರ ಮಾತನ್ನು ಒಂದಿಷ್ಟೂ ನಂಬುವುದಿಲ್ಲ. ಹಾಳೆಯ ಮೇಲೆ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್ಡಿನ ಮಾನದಂಡ) ಅಂತ ಐಎಸ್‌ಐ ಗುರುತು, ಅದರ ಜೊತೆ ಲೈಸೆನ್ಸ್ ನಂಬರ್ ಇದೆಯಾ ಅಂತ ಮೊದಲು ನೋಡಿದರು. ಆಮೇಲೆ ಒಂದು ತುಂಡು ಕತ್ತರಿಸಿ ಮನೆಗೆ ಒಯ್ದು ಸ್ನಾನದ ನೀರಿನ ಹಂಡೆಗೆ ಹಾಕಿ ಕುದಿಸಿದರು. ಲ್ಯಾಬಿನಲ್ಲಾದರೆ ಇಂಥ ಪ್ಲೈವುಡ್ಡನ್ನು 72 ಗಂಟೆ ಕುದಿಸಿ ಪರೀಕ್ಷೆ ಮಾಡುತ್ತಾರೆ, ಇವರದ್ದು ಹಳ್ಳಿ ಲೆಕ್ಕ. ಮೊದಲ ಅಂಗಡಿಯ ತುಂಡು ಪದರ ಬಿಟ್ಟುಕೊಂಡಿತು, ಎರಡನೆಯದು ಹಾಗೇ ಉಳಿಯಿತು. ಎರಡಕ್ಕೂ ಹಾಳೆಯೊಂದಕ್ಕೆ ಹೆಚ್ಚುಕಡಿಮೆ ಒಂದೇ ರೇಟು! ಕೀಲು, ಚಿಲಕಗಳಿಗೆ 304 ನಂಬರಿನ ಸ್ಟೀಲ್ ಒಳಗೆ ಸಾಕು, ಬಾಲ್ಕನಿ ಬಾಗಿಲಿಗೆ 316 ಬೇಕು ಅಂತ ಹಟ ಹಿಡಿದರು. 316ರಲ್ಲಿ ಮಾಲಿಬ್ಡಿನಮ್ ಇರುತ್ತದೆ, ಉಪ್ಪಿನ ಗಾಳಿಗೆ ಬೇಗ ಸೋಲುವುದಿಲ್ಲ. ಹೆಬ್ಬಾಗಿಲು ಹೊಸದು ಮಾಡಿಸಲಿಲ್ಲ. ಹಳೆ ಮನೆ ಕೆಡವಿದ ಮರ ಮಾರುವವರ ಹತ್ತಿರ ಹಲಸಿನ ಮರದ ಒಂದು ಬಾಗಿಲು ಸಿಕ್ಕಿತು, ಅದನ್ನೇ ಒಂದಿಷ್ಟು ಕೊರೆದು ಕೂರಿಸಿದರು. ಮೇಲಿನ ಹಳೆ ಬಣ್ಣ ಉಜ್ಜಿ ತೆಗೆದಾಗ ಒಳಗೆ ಬಂದ ಆ ಹಳದಿ ನೋಡಿ, ಪಾಲಿಶ್ ಅಂಗಡಿಯ ಯಾವ ಡಬ್ಬಿಯಲ್ಲೂ ಅದು ಸಿಗುವುದಿಲ್ಲ.

ಇನ್ನು ಬಣ್ಣ. ತಂಡದ ಪೈಂಟರ್ ಯಕ್ಷಗಾನದ ವೇಷಧಾರಿ. ದೀಪಾವಳಿ ಕಳೆದು ಮೇಳ ತಿರುಗಾಟಕ್ಕೆ ಹೊರಟರೆ ಮೇ ಕೊನೆಯವರೆಗೆ ಆಸಾಮಿ ಸಿಗುವುದಿಲ್ಲ. ಕೈ ಖಾಲಿ ಇರುವುದು ಮಳೆಗಾಲದಲ್ಲಿ, ಆಗ ಗೋಡೆ ಒದ್ದೆ! ಹಾಗಾಗಿ ಮಳೆ ಕಡಿಮೆಯಾಗಿ ಮೇಳ ಹೊರಡುವ ಮುಂಚಿನ ಆ ಸಣ್ಣ ಸಂದಿಯಲ್ಲೇ ಎಲ್ಲರೂ ಇವರಿಗೆ ಮುಗಿಬೀಳುತ್ತಾರೆ. ನಾವು ಕಾದೆವು, ಕಾದದ್ದಕ್ಕೆ ಮೋಸ ಆಗಲಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುವ ಮನುಷ್ಯ, ಬೆಳಕು ಬದಲಾದರೆ ಬಣ್ಣ ಏನಾಗುತ್ತದೆ ಅಂತ ಇವರಿಗೆ ಹೇಳಿಕೊಡಬೇಕಾಗಿಲ್ಲ.

ನನಗೆ ಬೇಕಿದ್ದದ್ದು ಅಚ್ಚ ಬಿಳಿ. ಬೇಡ ಅಂದರು. ಮೂರು ಗೋಡೆಯಲ್ಲಿ ಮೂರು ತರದ ಬಿಳಿಯನ್ನು ಮೊರದಗಲ ಹಚ್ಚಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಬಲ್ಬ್ ಹಾಕಿ ಒಮ್ಮೆ ನೋಡಿ ಅಂದರು. ಗದ್ದೆ ಹಸಿರಾಗಿದ್ದ ಕಾಲ. ಕಿಟಕಿಯಿಂದ ಬರುವ ಬೆಳಕೇ ಹಸಿರು, ಅಚ್ಚ ಬಿಳಿ ಬಳಿದ ಜಾಗ ಆಸ್ಪತ್ರೆಯ ಗೋಡೆ ತರ ಕಾಣುತ್ತಿತ್ತು. ಚೂರು ಹಳದಿ ಬೆರೆತ ಬಿಳಿ ಮಾತ್ರ ಮೂರು ಹೊತ್ತೂ ಬಿಳಿಯಾಗಿಯೇ ಕಂಡಿತು. ಅದನ್ನೇ ಹೊಡೆಸಿದೆವು. ಅಂಗಡಿಯ ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸುವುದು ಸುಮ್ನೆ ಟೈಂಪಾಸು.

ಬೂಷ್ಟು ಬರದ ಪೇಂಟ್ ಅಂತ ಈಗ ಎಲ್ಲ ಕಂಪನಿಯವರೂ ಮಾರುತ್ತಾರೆ. ಗೋಡೆ ಒಣಗಿದ್ದರೆ ಅದು ಕೆಲಸ ಮಾಡುತ್ತದೆ, ಒದ್ದೆ ಗೋಡೆಗೆ ಯಾವ ಡಬ್ಬಿಯೂ ಪ್ರಯೋಜನ ಇಲ್ಲ. ಇವರು ಮೊದಲು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಗೋಡೆ ತೊಳೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಪುಟ್ಟಿಗೆ ಕೈ ಹಾಕಿದ್ದು. ಮನೆಯಲ್ಲಿ ನೀವೇ ಮಾಡುವುದಾದರೆ ಒಂದು ಎಚ್ಚರಿಕೆ, ಬ್ಲೀಚಿಂಗ್ ನೀರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ಕಿಟಕಿ ತೆಗೆದಿಡಿ.

ಬಾಲ್ಕನಿಗೆ ರೆಡ್ ಆಕ್ಸೈಡ್ ನೆಲ ಮಾಡಿಸಿದ್ದು ನನ್ನ ಆಸೆಗೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆ ಮನೆಗಳನ್ನು ತಂದು ಮತ್ತೆ ಕಟ್ಟಿ ನಿಲ್ಲಿಸಿದ ಹೆರಿಟೇಜ್ ವಿಲೇಜ್ ಇದೆಯಲ್ಲ, ಅಲ್ಲಿಗೆ ಹೋಗಿ ಬಂದ ಮೇಲೆ ಹತ್ತಿದ ಹುಚ್ಚು. ಈಗ ಆ ಕೈ ಗೊತ್ತಿರುವವರು ಕಡಿಮೆ. ಮೇಸ್ತ್ರಿಯೇ ಕೂತು ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತಂದರು, ಆಮೇಲೆ ದಿನಾ ನೀರು, ಕೊನೆಗೆ ತೆಂಗಿನೆಣ್ಣೆ. ಬಾಗಿಲ ಹತ್ತಿರ ಕೂದಲೆಳೆಯ ಒಂದು ಬಿರುಕು ಬಂದಿದೆ. ಸಿಮೆಂಟಿನ ನೆಲ, ಬರುತ್ತದೆ. ನನಗೇನೂ ಬೇಸರ ಇಲ್ಲ, ಬರಿಗಾಲಲ್ಲಿ ನಡೆದರೆ ತಣ್ಣಗಿರುತ್ತದೆ.

ಅಲಂಕಾರ ಅಂತ ಬೇರೆ ಏನೂ ದೊಡ್ಡದು ಮಾಡಿಲ್ಲ. ಹೆಗ್ಗೋಡಿನ ಚರಕ ಮಹಿಳಾ ಸಹಕಾರಿ ಸಂಘದವರ ಕೈಮಗ್ಗದ ಹತ್ತಿ ಬಟ್ಟೆಯ ಪರದೆ, ನೈಸರ್ಗಿಕ ಬಣ್ಣದ್ದು. ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಆ ಕಂದು ಕೆಂಪು ಬಾಲ್ಕನಿಯ ನೆಲದ ಜೊತೆ ಚೆನ್ನಾಗಿ ಹೊಂದಿಕೊಂಡಿತು. ಮಾವನ ಹಳೆ ಆರಾಮ ಕುರ್ಚಿಗೆ ಹೊಸ ಬೆತ್ತ ಹೆಣೆಸಿದೆವು. ಗೋಡೆಗೆ ತಾಗಿಸಿ ಯಾವ ಕಪಾಟನ್ನೂ ಇಟ್ಟಿಲ್ಲ, ನಾಲ್ಕು ಬೆರಳು ಸಂದಿ ಬಿಟ್ಟಿದ್ದೇವೆ, ಇದೂ ಮೇಸ್ತ್ರಿಯ ಆಜ್ಞೆ.

ಇಷ್ಟೆಲ್ಲ ಹೊಗಳಿದ ಮೇಲೆ ಆ ಒಂದು ಅಂಕದ ಮಾತು. ಇವರಿಗೆ ಕಾಗದ ಅಂದರೆ ಆಗುವುದಿಲ್ಲ. ಲೆಕ್ಕ ಎಲ್ಲ ಕ್ಯಾಲೆಂಡರಿನ ಹಿಂದೆ. ಸ್ವಿಚ್ಚು, ಪ್ಲಗ್ಗು ಎಲ್ಲಿ ಅಂತ ನಕ್ಷೆ ಇಲ್ಲದ ಕಾರಣ ಅಡುಗೆಮನೆಯ ಒಂದು ಪ್ಲಗ್ ಫ್ರಿಜ್ಜಿನ ಹಿಂದೆ ಸಿಕ್ಕಿಹಾಕಿಕೊಂಡಿದೆ, ಮಿಕ್ಸಿಗೆ ಈಗ ವೈರ್ ಎಳೆಯಬೇಕು. ಅಷ್ಟಮಿ, ಚೌತಿ, ನವರಾತ್ರಿ ಬಂದರೆ ಮೊದಲೇ ಹೇಳದೆ ಮಾಯ. ಹಬ್ಬಕ್ಕೆ ರಜೆ ಬೇಡ ಅಂತ ನಾನು ಹೇಳುತ್ತಿಲ್ಲ, ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಒಂದು ಫೋನ್ ಮಾಡಬಹುದಿತ್ತು ಅಲ್ವಾ? ಟೈಲ್ಸ್ ಕತ್ತರಿಸಿದ್ದು ಮೆಟ್ಟಿಲ ಹತ್ತಿರ, ಆ ಧೂಳಿಗೆ ಅಕ್ಕಪಕ್ಕದವರ ಬೈಗುಳ ತಿಂದದ್ದು ನಾವು.

ದುಡ್ಡಿನ ವಿಷಯ. ಸಾಮಾನು ಎಲ್ಲ ನಾವೇ ಅಂಗಡಿಯಿಂದ ನಮ್ಮ ಹೆಸರಿನ ಬಿಲ್ಲಿನಲ್ಲಿ ತರಿಸಿದ್ದು, ಇವರಿಗೆ ದಿನಗೂಲಿ ಲೆಕ್ಕ. ಒಟ್ಟು ಬೆಂಗಳೂರಿನ ಕೊಟೇಷನ್ನಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯ್ತು. ಅದರಲ್ಲಿ ದೊಡ್ಡ ಪಾಲು ಹೋದದ್ದು ಈಗ ಕಣ್ಣಿಗೆ ಕಾಣದ ಜಾಗಕ್ಕೆ, ಕಿಟಕಿ ದಂಡೆ, ಬಾತ್‌ರೂಮಿನ ಅಡಿ, ಸೀಲಿಂಗು, ವೈರು. ಬಂದ ನೆಂಟರು ನೋಡಿ "ಬಣ್ಣ ಹೊಡೆಸಿದ್ದಾ? ಚೆನ್ನಾಗಿದೆ" ಅನ್ನುತ್ತಾರೆ, ಅಷ್ಟೇ! ದಿನಗೂಲಿಯಲ್ಲಿ ಕೆಲಸ ಎಳೆಯುತ್ತಾರೆ ಅನ್ನುವ ಭಯ ಇರುವವರು ಗುತ್ತಿಗೆ ಕೇಳಿದರೆ ಇವರು ಒಪ್ಪುವುದಿಲ್ಲ, ಹಳೆ ಮನೆ ಒಡೆದು ನೋಡದೆ ರೇಟು ಹೇಳುವುದು ಹೇಗೆ ಅನ್ನುತ್ತಾರೆ. ನ್ಯಾಯವೇ.

ಇನ್ನೊಂದು ಅನುಕೂಲ ಹೇಳದಿದ್ದರೆ ತಪ್ಪಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಕ್ಕೊಮ್ಮೆ ಮೇಸ್ತ್ರಿಯ ಹೆಂಡತಿ ಬಂದು ಕಿಟಕಿ ತೆಗೆದು, ಫ್ಯಾನ್ ಹಾಕಿ, ಕಪಾಟಿನ ಬಾಗಿಲೆಲ್ಲ ತೆರೆದಿಟ್ಟು, ನಲ್ಲಿಗಳಲ್ಲಿ ನೀರು ಬಿಟ್ಟು, ಒಂದೆರಡು ಗಂಟೆ ಇದ್ದು ಹೋಗುತ್ತಾರೆ. ನೀರು ಬಿಡುವುದು ಯಾಕೆಂದರೆ ನೆಲದ ಜಾಲರಿಯ ಅಡಿಯ ನೀರು ಒಣಗಿದರೆ ಪೈಪಿನ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ. ಇದಕ್ಕೆ ಅವರು ತೆಗೆದುಕೊಳ್ಳುವುದು ನಾವು ಬೆಂಗಳೂರಿನಲ್ಲಿ ಇಬ್ಬರು ಹೊರಗೆ ಊಟ ಮಾಡುವಷ್ಟು ದುಡ್ಡು. ನನ್ನ ಪ್ರಕಾರ ಇಡೀ ತಂಡದ ಅತ್ಯುತ್ತಮ ಸೇವೆ ಇದೇ.

ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಕೊಂಡು ಆಮೇಲೆ ಮೇಸ್ತ್ರಿ ಹುಡುಕುವವರು ಇಂಥವರ ತಂಟೆಗೆ ಹೋಗಬೇಡಿ, ಇಬ್ಬರಿಗೂ ರಗಳೆ. ಒಂದು ಮಳೆಗಾಲ ಕಾಯುವ ತಾಳ್ಮೆ ಇದ್ದರೆ ಮೇ ತಿಂಗಳಲ್ಲೇ ಮನೆ ತೋರಿಸಿ, ಪೈಂಟರಿಗೆ ದೀಪಾವಳಿಯ ಮುಂಚಿನ ತಾರೀಖು ಈಗಲೇ ಹೇಳಿಡಿ. ಸ್ವಿಚ್ಚಿನ ನಕ್ಷೆ ಮಾತ್ರ ನೀವೇ ಬರೆದು ಗೋಡೆಗೆ ಅಂಟಿಸಿ.